ಎಸ್‌ಪಿಐ ನಾರ್ಮಲ್ ಅಂತಿದೆ, ಬೆಳೆ ಒಣಗಿದೆ, ಡ್ಯಾಂ ತುಂಬಿದೆ: ಇದನ್ನ ಬರ ಅಂತ ಲೆಕ್ಕ ಹಾಕೋದಾ ಬೇಡ್ವಾ?

ಒಣಎಲೆ:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಬರ ಅಳೆಯೋದರ ಬಗ್ಗೆ ಕೆಲಸ ಮಾಡ್ತಿದೀನಿ, ಈಗ ಮುಂದಕ್ಕೂ ಹೋಗಕ್ಕಾಗ್ತಿಲ್ಲ ಹಿಂದಕ್ಕೂ ಬರಕ್ಕಾಗ್ತಿಲ್ಲ. ಒಂದು ಪ್ರದೇಶದ 40 ವರ್ಷದ ಮಳೆ ಲೆಕ್ಕ ತಗೊಂಡು ಎಸ್‌ಪಿಐ (ಆ ಜಾಗದ ಮಾಮೂಲಿ ಮಳೆಗೆ ಹೋಲಿಸಿ ಅಂಕಿ ಕೊಡೋ ಸೂಚ್ಯಂಕ, ಸೊನ್ನೆ ಸುತ್ತ ಇದ್ರೆ ನಾರ್ಮಲ್, ಮೈನಸ್ ಅಂದ್ರೆ ಕಡಿಮೆ) ಹಾಕಿದೆ, ಬೆಳೆ ಸೀಸನ್‌ನ ಮೂರು ತಿಂಗಳಿಗೆ ಬಂದಿದ್ದು ಮೈನಸ್ 0.2, ಅಂದ್ರೆ ನಾರ್ಮಲ್. ಆದ್ರೆ ಅದೇ ಸೀಸನ್‌ನ ಸ್ಯಾಟಲೈಟ್ ಎನ್‌ಡಿವಿಐ (ಗಿಡಗಳ ಹಸಿರಿನ ಅಳತೆ) ತೆಗೆದು ನೋಡಿದ್ರೆ ಹಸಿರು ಮಾಮೂಲಿಗಿಂತ ತುಂಬಾ ಕಡಿಮೆ, ಇಳುವರಿನೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಇದು ಸಾಲದು ಅಂತ ಜಲಾಶಯ ಶೇ 90 ತುಂಬಿದೆ, ವೀಕ್ಷಣಾ ಬಾವಿಗಳಲ್ಲಿ ಮಾತ್ರ ನೀರಿನ ಮಟ್ಟ ಮೂರು ವರ್ಷದಿಂದ ಇಳೀತಾನೇ ಇದೆ.

ಗೈಡ್ ಒಂದು ಸೂಚ್ಯಂಕ ಹಿಡ್ಕೊಂಡು ಬರೆದು ಮುಗಿಸಿ ಅಂತಾರೆ. ಯಾವ್ದನ್ನ ಹಿಡ್ಕೊಳ್ಳೋದು ಹೇಳಿ, ಎಸ್‌ಪಿಐ ಹಿಡ್ಕೊಂಡ್ರೆ ಬರನೇ ಇಲ್ಲ, ಎನ್‌ಡಿವಿಐ ಹಿಡ್ಕೊಂಡ್ರೆ ದೊಡ್ಡ ಬರ, ಡ್ಯಾಂ ಹಿಡ್ಕೊಂಡ್ರೆ ಸಮೃದ್ಧಿ. ಎಸ್‌ಪಿಇಐ, ಪಾಮರ್ ಸೂಚ್ಯಂಕ ಅಂತೆಲ್ಲ ಇನ್ನೂ ಇದಾವೆ, ಅವನ್ನೂ ಹಾಕ್ಬೇಕಾ? ಮತ್ತೆ ಪ್ರಾಜೆಕ್ಟ್‌ನಲ್ಲಿ ಬರದ ಪರಿಣಾಮ ಅಂತ ಒಂದು ಅಧ್ಯಾಯ ಇದೆ, ಅದಕ್ಕೆ ಇಳುವರಿ ನಷ್ಟ ಒಂದೇ ತೋರ್ಸಿದ್ರೆ ಸಾಕಾ ಅನ್ನೋದೂ ಗೊತ್ತಾಗ್ತಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮೋಡಮಾಪಕ:

ನಿಮ್ಮ ನಾಲ್ಕು ಡೇಟಾನೂ ಸರಿಯಾಗೇ ಹೇಳ್ತಿವೆ, ಯಾವ್ದನ್ನೂ ಎಸೀಬೇಡಿ. ಆಕಾಶದಿಂದ ಬಿದ್ದ ನೀರು, ಮಣ್ಣಲ್ಲಿ ಉಳಿದ ನೀರು, ಹೊಳೆ-ಡ್ಯಾಂ ನೀರು, ನೆಲದೊಳಗಿನ ನೀರು, ಇವು ಬೇರೆ ಬೇರೆ ವೇಗದಲ್ಲಿ ತುಂಬ್ತವೆ ಬೇರೆ ಬೇರೆ ವೇಗದಲ್ಲಿ ಖಾಲಿ ಆಗ್ತವೆ, ಒಂದು ಕಡೆ ಕೊರತೆ ಬಿದ್ದ ತಿಂಗಳೇ ಇನ್ನೊಂದು ಕಡೆನೂ ಬೀಳ್ಬೇಕು ಅಂತೇನಿಲ್ಲ. 1985ರಲ್ಲಿ ವಿಲ್ಹೈಟ್ ಮತ್ತೆ ಗ್ಲಾಂಟ್ಸ್ ಬರದ ವ್ಯಾಖ್ಯಾನಗಳನ್ನ ನಾಲ್ಕು ಗುಂಪು ಮಾಡಿದ್ದು ಇದಕ್ಕೇ: ಹವಾಮಾನ ಬರ, ಕೃಷಿ ಬರ, ಜಲ ಬರ, ಸಾಮಾಜಿಕ-ಆರ್ಥಿಕ ಬರ. ಇವತ್ತಿಗೂ ಎಲ್ಲರೂ ಅದನ್ನೇ ಹಿಡ್ಕೊಂಡು ಹೋಗೋದು. ಹಾಗಾಗಿ "ಬರ ಇದೆಯಾ" ಅನ್ನೋ ಪ್ರಶ್ನೆಗಿಂತ ಮುಂಚೆ "ಯಾವ ನೀರಿಗೆ ಬರ, ಯಾರಿಗೆ ಬರ" ಅಂತ ಕೇಳ್ಕೊಳ್ಳಿ, ಸೂಚ್ಯಂಕ ತಾನಾಗೇ ಆಯ್ಕೆ ಆಗುತ್ತೆ.

ಈಗ ಎಸ್‌ಪಿಐ ವಿಷಯ. 1993ರಲ್ಲಿ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯ ಮೆಕ್ಕೀ, ಡೋಸ್ಕೆನ್, ಕ್ಲೈಸ್ಟ್ ಕೊಟ್ಟಿದ್ದು. ಅದಕ್ಕೆ ಬೇಕಾಗಿರೋದು ಮಳೆ ಒಂದೇ, ಕಡಿಮೆ ಅಂದ್ರೂ 30 ವರ್ಷದ ತಿಂಗಳುವಾರು ಲೆಕ್ಕ. ಸಾಮಾನ್ಯವಾಗಿ ಗಾಮಾ ವಿತರಣೆ ಅನ್ನೋ ಸಂಖ್ಯಾಶಾಸ್ತ್ರದ ಕರ್ವ್‌ಗೆ ಹೊಂದಿಸಿ ಆಮೇಲೆ ನಾರ್ಮಲ್ ಕರ್ವ್‌ಗೆ ತರ್ತಾರೆ, ಮೈನಸ್ 1ರಿಂದ ಮೈನಸ್ 1.49 ಸಾಧಾರಣ ಬರ, ಮೈನಸ್ 1.5ರಿಂದ 1.99 ತೀವ್ರ, ಮೈನಸ್ 2 ಮತ್ತೆ ಅದರ ಕೆಳಗೆ ಅತಿ ತೀವ್ರ. 2009ರ ಲಿಂಕನ್ ಘೋಷಣೆ (ಅಮೆರಿಕದ ಲಿಂಕನ್ ಊರಲ್ಲಿ ಸೇರಿದ ಬರ ತಜ್ಞರ ಒಮ್ಮತ) ಆದ್ಮೇಲೆ ವಿಶ್ವ ಹವಾಮಾನ ಸಂಸ್ಥೆ ಎಲ್ಲಾ ದೇಶಗಳ ಹವಾಮಾನ ಇಲಾಖೆಗಳಿಗೂ ಹವಾಮಾನ ಬರಕ್ಕೆ ಇದನ್ನೇ ಬಳಸಿ ಅಂತ ಶಿಫಾರಸು ಮಾಡ್ತು. ಹವಾಮಾನ ಬರಕ್ಕೆ ಅನ್ನೋದನ್ನ ಗಮನಿಸಿ, ಎಲ್ಲಾ ಬರಕ್ಕೂ ಅಂತ ಅಲ್ಲ.

ನಿಮ್ಮ ಮೈನಸ್ 0.2 ಎಲ್ಲಿಂದ ಬಂತು ಅಂತ ದಿನದ ಲೆಕ್ಕ ತೆಗೆದು ನೋಡಿ. ಉದಾಹರಣೆಗೆ ಮೂರು ತಿಂಗಳಿಗೆ ಮಾಮೂಲಿ 310 ಮಿ.ಮೀ. ಬರ್ಬೇಕು, ಬಂದಿದ್ದು 300 ಅಂದ್ಕೊಳ್ಳಿ. ಅದ್ರಲ್ಲಿ 180 ಮಿ.ಮೀ. ಎರಡೇ ದಿನದಲ್ಲಿ ಸುರಿದು, ಮಧ್ಯದಲ್ಲಿ 24 ದಿನ ಒಂದು ಹನಿನೂ ಬಿದ್ದಿಲ್ಲ ಅಂದ್ರೂ ಎಸ್‌ಪಿಐ-3ಕ್ಕೆ (ಅಂದ್ರೆ ಮೂರು ತಿಂಗಳ ಮಳೆಗೆ ಹಾಕಿದ ಎಸ್‌ಪಿಐಗೆ) ಅದು ಕಾಣಲ್ಲ, ಯಾಕಂದ್ರೆ ಅದು ನೋಡೋದು ಒಟ್ಟು ಮೊತ್ತ ಮಾತ್ರ. ಎರಡು ದಿನದ ಆ ಮಳೆ ಹೊಲದಲ್ಲಿ ನಿಲ್ಲದೆ ಹರಿದು ಡ್ಯಾಂ ಸೇರಿರುತ್ತೆ. ನನಗನ್ಸೋದು ನಿಮ್ಮ ಬೆಳೆ ಒಣಗಿದ್ದೂ ಡ್ಯಾಂ ತುಂಬಿದ್ದೂ ಒಂದೇ ಕಾರಣಕ್ಕೆ. ಎಸ್‌ಪಿಐ-1 ಹಾಕಿ ನೋಡಿ, ಜೊತೆಗೆ ಒಣ ದಿನಗಳ ಉದ್ದ ಎಣಿಸಿ, ಬೆಳೆ ಯಾವ ಹಂತದಲ್ಲಿದ್ದಾಗ ಆ ಒಣ ಅವಧಿ ಬಂತು ಅಂತ ಪಕ್ಕದಲ್ಲಿ ಬರೀರಿ.

ಇನ್ನೊಂದು ವಿಷಯ ತುಂಬಾ ಜನ ತಪ್ಪು ಓದ್ತಾರೆ. ಎಸ್‌ಪಿಐ ಕಟ್ಟಿರೋ ರೀತಿನೇ ಹಾಗಿದೆ, ಮರುಭೂಮಿ ಇರ್ಲಿ ಮಳೆಕಾಡು ಇರ್ಲಿ ಸುಮಾರು ಶೇ 16ರಷ್ಟು ಕಾಲ ಅದು ಮೈನಸ್ 1ರ ಕೆಳಗೆ ಇದ್ದೇ ಇರುತ್ತೆ, ಮೈನಸ್ 2ರ ಕೆಳಗೆ ಸುಮಾರು ಶೇ 2.3. ಅಂದ್ರೆ ಅದು ಹೇಳೋದು ಆ ಜಾಗಕ್ಕೆ ಇದು ಎಷ್ಟು ಅಪರೂಪ ಅಂತ, ಎಷ್ಟು ನೀರು ಕಡಿಮೆ ಬಿತ್ತು ಅಂತ ಅಲ್ಲ. ಎರಡು ಪ್ರದೇಶದ ಎಸ್‌ಪಿಐ ಇಟ್ಕೊಂಡು "ಇಲ್ಲಿ ಬರ ಹೆಚ್ಚು" ಅಂತ ಬರೆಯೋವಾಗ ಇದು ನೆನಪಿರ್ಲಿ. ಮಳೆನೇ ಬರದ ಬೇಸಿಗೆ ತಿಂಗಳುಗಳಿಗೆ ಎಸ್‌ಪಿಐ-1 ಹಾಕಕ್ಕೆ ಹೋಗ್ಬೇಡಿ, ಸೊನ್ನೆಗಳು ತುಂಬಿಕೊಂಡು ಐದು ಮಿ.ಮೀ. ಹೆಚ್ಚುಕಮ್ಮಿ ಆದ್ರೂ ಅಂಕಿ ಎಲ್ಲೆಲ್ಲೋ ಹಾರುತ್ತೆ.

ಶೇಕಡಾವಾರು ಕೊರತೆನೂ ಒಂದು ಅಳತೆನೇ, ಭಾರತದ ಹವಾಮಾನ ಇಲಾಖೆ ಶೇ 26ರಿಂದ 50 ಕೊರತೆಗೆ ಸಾಧಾರಣ ಬರ, 50 ದಾಟಿದ್ರೆ ತೀವ್ರ ಬರ ಅನ್ನೋ ಲೆಕ್ಕ ಇಟ್ಕೊಂಡಿತ್ತು. ಯಾರಿಗಾದ್ರೂ ಅರ್ಥ ಆಗುತ್ತೆ, ಅದೇ ಅದರ ದೊಡ್ಡ ಗುಣ. ಆದ್ರೆ ಮಳೆ ವರ್ಷದಿಂದ ವರ್ಷಕ್ಕೆ ತುಂಬಾ ಏರಿಳಿಯೋ ಜಾಗದಲ್ಲಿ ಶೇ 40 ಕೊರತೆ ಮಾಮೂಲಿ ಸಂಗತಿ ಆಗಿರ್ಬೋದು, ಸ್ಥಿರವಾಗಿ ಮಳೆ ಬರೋ ಕಡೆ ಅದೇ ಶೇ 40 ಅಂದ್ರೆ ತಲೆಮಾರಿಗೊಮ್ಮೆ ಬರೋ ಬರ.

ಎರೆಮಣ್ಣು:

ಮ್ಯಾಲಿನವ್ರು ಮಳೀದು ಚಲೋ ಹೇಳ್ಯಾರ, ನಾ ಮಣ್ಣಿನ ಕಡಿಯಿಂದ ಹೇಳ್ತೀನ್ರಿ. ಮಳೆಮಾಪಕದಾಗ ಬಿದ್ದದ್ದೆಲ್ಲಾ ಬೆಳೀಗೆ ಸಿಗೂದಿಲ್ಲ, ಬೇರಿಗೆ ಎಷ್ಟು ಸಿಗ್ತದ ಅನ್ನೂದರ ಮ್ಯಾಲೆ ಕೃಷಿ ಬರ ನಿಂತೈತಿ. ಒಂದು ಮೀಟರ್ ಆಳದ ಮರಳು ಮಣ್ಣು ಬೆಳೀಗೆ ಕೊಡಬಲ್ಲ ನೀರು ಸುಮಾರು 50ರಿಂದ 110 ಮಿ.ಮೀ., ಅದೇ ಜೇಡಿ ಮಣ್ಣು 120ರಿಂದ 200 ಮಿ.ಮೀ. ಹಿಡಕೊಂಡು ಕೂಡ್ತದ. ಬೆಳಿ ದಿನಕ್ಕ 5 ಮಿ.ಮೀ. ಕುಡದ್ರ 24 ದಿನಕ್ಕ 120 ಮಿ.ಮೀ. ಆತು. ಅಂದ್ರ ಅದೇ ಒಣ ಅವಧಿ, ಮರಳು ನೆಲದ ಬೆಳಿ ಸತ್ತು ಹೋಗಿರ್ತದ, ಆಳವಾದ ಜೇಡಿ ನೆಲದ್ದು ಬಾಡಿದ್ರೂ ಉಳದಿರ್ತದ. ಒಂದೇ ಮಳೆಮಾಪನ ಕೇಂದ್ರದ ಒಂದು ಅಂಕಿ ಹಿಡದು ಇಡೀ ಪ್ರದೇಶದ ಕೃಷಿ ಬರ ಹೇಳಾಕ ಆಗೂದಿಲ್ಲ ಅನ್ನೂದು ಇದಕ್ಕರಿ.

ಮಣ್ಣಿನ ಹಸಿ ಅಳಿಯೂದರಾಗ ಎಲ್ಲಾದಕ್ಕೂ ಮೂಲ ಅಂದ್ರ ತೂಕದ ಪದ್ಧತಿ, ಬಾಕಿ ಸೆನ್ಸರ್‌ಗಳನ್ನೆಲ್ಲಾ ಇದಕ್ಕ ಹೋಲಿಸೇ ಸರಿ ಮಾಡ್ಕೋತಾರ. ಒಂದು ಲೆಕ್ಕ ಮಾಡಿ ತೋರಸ್ತೀನಿ. ಡಬ್ಬಿ ತೂಕ ಕಳದು ಹಸಿ ಮಣ್ಣು 118 ಗ್ರಾಂ ಐತಿ. ಓವನ್‌ನಾಗ 105 ಡಿಗ್ರಿಗೆ 24 ತಾಸು ಇಟ್ಟು ತಗದು ತೂಗಿದ್ರ 100 ಗ್ರಾಂ. ಹೋದದ್ದು 18 ಗ್ರಾಂ ನೀರು, ಅಂದ್ರ ತೂಕದ ಲೆಕ್ಕದಾಗ ಶೇ 18. ಮಣ್ಣಿನ ಬಲ್ಕ್ ಡೆನ್ಸಿಟಿ (ಒಂದು ಘನ ಸೆಂ.ಮೀ. ಒಣ ಮಣ್ಣಿನ ತೂಕ) 1.3 ಗ್ರಾಂ ಇದ್ರ ಗಾತ್ರದ ಲೆಕ್ಕದಾಗ ಶೇ 23.4 ಆತು, 30 ಸೆಂ.ಮೀ. ಪದರಕ್ಕ ಹಾಕಿದ್ರ 70 ಮಿ.ಮೀ. ನೀರು. 70 ಅಂದ್ರ ಭಾಳ ಆತು ಅನಸ್ತದಲ್ರಿ? ಆದ್ರ ಜೇಡಿ ಮಣ್ಣಿನಾಗ ಗಾತ್ರದ ಶೇ 20ರಷ್ಟು ನೀರನ್ನ ಮಣ್ಣು ಬಿಟ್ಟೇ ಕೊಡೂದಿಲ್ಲ, ಬೇರು ಎಷ್ಟು ಜಗ್ಗಿದ್ರೂ ಬರೂದಿಲ್ಲ, ಅದನ್ನ ಶಾಶ್ವತ ಬಾಡು ಬಿಂದು ಅಂತಾರ, ಒತ್ತಡದ ಲೆಕ್ಕದಾಗ ಮೈನಸ್ 1500 ಕಿಲೋಪ್ಯಾಸ್ಕಲ್. ಅದನ್ನ ಕಳದ್ರ ಉಳದದ್ದು ಶೇ 3.4, ಅಂದ್ರ 10 ಮಿ.ಮೀ. ಬರೇ ಎರಡು ದಿನದ ನೀರು. ಮುಟ್ಟಿದ್ರ ಹಸಿ ಹತ್ತತದ, ಬೆಳಿ ಮಾತ್ರ ನೀರಿಲ್ಲದ ನಿಂತಿರ್ತದ.

ಇನ್ನ ಬೆಳೆ ಹಂತ. ಮೆಕ್ಕೆಜೋಳ ತಗೋರಿ, ಎಳೀ ಬೆಳಿ ಇದ್ದಾಗ ವಾರ ಹತ್ತು ದಿನ ಹಸಿ ಕಡಿಮಿ ಆದ್ರ ತಡಕೋತದ, ಹೂ ಬಿಟ್ಟು ತೆನಿಗೆ ರೇಷ್ಮಿ ಬರೂ ಹೊತ್ತಿನಾಗ ನೀರು ತಪ್ಪಿದ್ರ ಕಾಳೇ ಕಟ್ಟೂದಿಲ್ಲ, ಆಮ್ಯಾಲೆ ಎಷ್ಟು ಮಳಿ ಬಂದ್ರೂ ತೆನಿ ತುಂಬೂದಿಲ್ಲ. ಸೀಸನ್ ಸರಾಸರಿ ತಗದ್ರ ಈ ಹತ್ತು ಹದಿನೈದು ದಿನದ ಸಂಕಟ ಅದರಾಗ ಮುಚ್ಚಿ ಹೋಗ್ತದ. 2012ರಾಗ ಅಮೆರಿಕದ ನಡುಭಾಗದಾಗ ಹಿಂಗೇ ಆತು, ಮೇ ತಿಂಗಳದಾಗ ಬಿತ್ತನಿ ಚಲೋ ಆಗಿತ್ತು, ಬಿಸಿಲು ಗಾಳಿ ಏರಿ ಕೆಲವು ವಾರದಾಗ ಮಣ್ಣಿನ ಹಸಿ ಹೀರಿ ಹೋತು, ಮೆಕ್ಕೆಜೋಳ ಹೂ ಬಿಡೂ ಹೊತ್ತಿಗೇ ಬರ ಕುಂತಿತ್ತು. ಅದಕ್ಕ ಫ್ಲ್ಯಾಶ್ ಡ್ರಾಟ್ ಅಂತಾರ. ತಿಂಗಳ ಲೆಕ್ಕ ನೋಡ್ಕೋತ ಕುಂತ್ರ ಇದು ಕೈಗೆ ಸಿಗೂದಿಲ್ಲ, ವಾರದ ಲೆಕ್ಕ ಬೇಕು.

ಸ್ಯಾಟಲೈಟ್ ಬಗ್ಗೆ ಒಂದು ಎಚ್ಚರಿಕೆ. 2015ರಾಗ ನಾಸಾ ಹಾರಿಸಿದ ಎಸ್‌ಎಂಎಪಿ ನೇರವಾಗಿ ಅಳಿಯೂದು ಮ್ಯಾಲಿನ 5 ಸೆಂ.ಮೀ. ಹಸಿ ಅಷ್ಟೇ, ಬೇರಿನ ಆಳದ್ದು ಮಾಡೆಲ್ ಹಾಕಿ ಅಂದಾಜು ಮಾಡ್ತಾರ. ನೀವು ಎನ್‌ಡಿವಿಐ ಹಂಗೇ ಹೋಲಸಬ್ಯಾಡ್ರಿ, ವಿಸಿಐ (ಗಿಡದ ಸ್ಥಿತಿಯ ಸೂಚ್ಯಂಕ) ಮಾಡ್ರಿ: ಆ ವಾರದ ಎನ್‌ಡಿವಿಐನಿಂದ ಇಷ್ಟು ವರ್ಷದಾಗ ಅದೇ ವಾರಕ್ಕ ಬಂದ ಅತಿ ಕಡಿಮಿ ಬೆಲೆ ಕಳೀರಿ, ಅತಿ ಹೆಚ್ಚು ಮತ್ತ ಅತಿ ಕಡಿಮಿ ನಡುವಿನ ಅಂತರದಿಂದ ಭಾಗಿಸ್ರಿ, 100ರಿಂದ ಗುಣಿಸ್ರಿ. 40ರ ಕೆಳಗ ಬಂತಂದ್ರ ಬರದ ಲಕ್ಷಣ ಅಂತ ಹಿಡೀತಾರ. ಆದ್ರ ಹುಳ ಬಿದ್ರೂ ಹಸಿರು ಇಳೀತದ, ಬಿತ್ತನಿ ತಡ ಆದ್ರೂ ಇಳೀತದ, ರೈತ್ರು ಬೆಳಿ ಬದಲಿ ಮಾಡಿದ್ರೂ ಇಳೀತದ. ಹಸಿರು ಇಳದದ್ದು ನೀರಿಂದನ ಅಂತ ಹೇಳಬೇಕಂದ್ರ ಮಣ್ಣಿನ ಹಸಿ ಲೆಕ್ಕ ಜೋಡಿಗಿರಬೇಕು.

ಒಣಎಲೆ:

ಮೋಡಮಾಪಕ ಸರ್, ಎರೆಮಣ್ಣು ಸರ್, ತುಂಬಾ ಥ್ಯಾಂಕ್ಸ್. ದಿನದ ಲೆಕ್ಕ ತೆಗೆದೆ, ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೂರೇ ದಿನದಲ್ಲಿ ಬಿದ್ದಿದೆ, ಉದ್ದದ ಒಣ ಅವಧಿ ಸರಿಯಾಗಿ ಹೂ ಬಿಡೋ ಕಾಲಕ್ಕೇ ಬಂದಿದೆ. ಹಾಗಾಗಿ ಬೆಳೆದು ಡ್ಯಾಂದು ಅರ್ಥ ಆಯ್ತು. ಆದ್ರೆ ಅಂತರ್ಜಲ ಯಾಕೆ ಇಳೀತಿದೆ, ಅಷ್ಟು ಮಳೆ ಬಿದ್ದಿದ್ರೆ ಏರ್ಬೇಕಿತ್ತಲ್ವಾ?

ಹೊಳೆದಂಡೆ:

ಅಂತರ್ಜಲ ತುಂಬಾ ನಿಧಾನದ ಪ್ರಾಣಿ. ಮಳೆ ಕೊರತೆ ಮೊದಲು ಮಣ್ಣಿಗೆ ತಾಗುತ್ತೆ, ಆಮೇಲೆ ಹೊಳೆಗೆ, ಕೊನೆಗೆ ಅಂತರ್ಜಲಕ್ಕೆ, ಮಳೆ ವಾಪಸ್ ಬಂದಾಗ ಚೇತರಿಸಿಕೊಳ್ಳೋದೂ ಅದೇ ಸಾಲಿನಲ್ಲಿ, ಅಂತರ್ಜಲ ಎಲ್ಲರಿಗಿಂತ ಕೊನೆ. ಹಿಂದಿನ ಎರಡು ಮೂರು ವರ್ಷದ ಕೊರತೆ ಈಗ ಬಾವಿಯಲ್ಲಿ ಕಾಣ್ತಿರ್ಬೋದು. ಜೊತೆಗೆ ಮೂರೇ ದಿನದಲ್ಲಿ ಸುರಿದ ಮಳೆ ಇಂಗೋದು ಕಡಿಮೆ, ಹರಿದು ಹೋಗೋದೇ ಜಾಸ್ತಿ.

ಪರೀಕ್ಷೆ ಮಾಡೋ ದಾರಿ ಇದೆ. ನಿಮ್ಮ ಹತ್ರ 40 ವರ್ಷದ ಮಳೆ ಇದೆಯಲ್ಲ, ಎಸ್‌ಪಿಐ-12, 24, 36 ಹಾಕಿ, ಬಾವಿಗಳ ಮಟ್ಟಕ್ಕೂ ಅದೇ ರೀತಿ ಪ್ರಮಾಣೀಕರಿಸಿದ ಅಂತರ್ಜಲ ಸೂಚ್ಯಂಕ ಹಾಕಿ (2013ರಲ್ಲಿ ಬ್ಲೂಮ್‌ಫೀಲ್ಡ್ ಮತ್ತು ಮಾರ್ಚಂಟ್ ಈ ವಿಧಾನ ಕೊಟ್ರು), ಯಾವ ಅವಧಿಯ ಎಸ್‌ಪಿಐ ಜೊತೆ ಬಾವಿ ಸರಿಯಾಗಿ ಹೊಂದ್ಕೊಂಡು ಏರಿಳಿಯುತ್ತೆ ನೋಡಿ. 24 ತಿಂಗಳದ್ದು ಹೊಂದ್ತು, ಅದೂ ಮೈನಸ್‌ನಲ್ಲಿದೆ ಅಂದ್ರೆ ಮಳೆಯಿಂದ ಬಂದ ಬರ. ಯಾವ ಅವಧಿಯ ಎಸ್‌ಪಿಐ ನೋಡಿದ್ರೂ ನಾರ್ಮಲ್, ಬಾವಿ ಮಾತ್ರ ವರ್ಷ ವರ್ಷ ಇಳೀತಿದೆ ಅಂದ್ರೆ ಅದು ಪಂಪ್ ಮಾಡಿ ಎತ್ತಿದ ನೀರಿನ ಲೆಕ್ಕ, ಅದನ್ನ ಬರದ ತಲೆಗೆ ಕಟ್ಟಬಾರದು. ಇದನ್ನ ನಾನು ಒತ್ತಿ ಹೇಳ್ತಿದೀನಿ, ಯಾಕಂದ್ರೆ ಬರ ಆದ್ರೆ ಮಳೆ ಬಂದಾಗ ಹೋಗುತ್ತೆ, ಅತಿಯಾಗಿ ಎತ್ತಿದ್ದು ಮಳೆ ಬಂದ್ರೂ ಹೋಗಲ್ಲ, ಎರಡಕ್ಕೂ ಮಾಡ್ಬೇಕಾದ ಪರಿಹಾರ ಬೇರೆ ಬೇರೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1925ರಿಂದ 1977ರ ಒಳಗೆ ಒಂದು ಜಾಗದಲ್ಲಿ ನೆಲನೇ ಸುಮಾರು 9 ಮೀಟರ್ ಕುಸಿದಿದೆ, ಕೆಳಗಿನ ನೀರು ಎತ್ತಿ ಎತ್ತಿ ಜೇಡಿ ಪದರಗಳು ಅಮುಕಿಕೊಂಡು ಹೋದವು. ಹಾಗೆ ಅಮುಕಿದ ಪದರ ಮತ್ತೆ ಮೊದಲಿನಷ್ಟು ನೀರು ಹಿಡಿಯಲ್ಲ.

ಡ್ಯಾಂ ಮಟ್ಟವನ್ನ ಹಾಗೇ ಜಲ ಬರದ ಅಳತೆ ಅಂತ ಹಾಕ್ಬೇಡಿ. ಅದರಲ್ಲಿ ಮಳೆಯಷ್ಟೇ ಪಾಲು ಗೇಟ್ ತೆಗೆಯೋರ ತೀರ್ಮಾನಕ್ಕೂ ಇದೆ, ನೀರು ಬಿಡದೆ ಹಿಡಿದಿಟ್ರೆ ಡ್ಯಾಂ ತುಂಬೇ ಕಾಣುತ್ತೆ, ಕೆಳಗಿನ ಹೊಳೆ ಒಣಗಿರುತ್ತೆ. ಒಳಹರಿವು ತಗೊಳ್ಳಿ. ಹೊಳೆಗೆ ಸಾಮಾನ್ಯವಾಗಿ ಮಿತಿ ರೇಖೆ ವಿಧಾನ ಬಳಸ್ತಾರೆ, ಶೇ 90ರಷ್ಟು ದಿನ ಯಾವ ಹರಿವಿಗಿಂತ ಹೆಚ್ಚಿರುತ್ತೋ ಅದನ್ನ ಮಿತಿ ಅಂತ ಇಟ್ಕೊಂಡು, ಅದರ ಕೆಳಗೆ ಹೋದ ದಿನದಿಂದ ಮೇಲೆ ಬಂದ ದಿನದವರೆಗೆ ಒಂದು ಬರ ಅಂತ ಎಣಿಸೋದು. ಮಿತಿ ಸೆಕೆಂಡಿಗೆ 10 ಘನ ಮೀಟರ್ ಇದ್ದು ಹರಿವು 6 ಇದ್ರೆ ದಿನಕ್ಕೆ ಸುಮಾರು 3.46 ಲಕ್ಷ ಘನ ಮೀಟರ್ ಕೊರತೆ, ಹತ್ತು ದಿನ ಹಾಗೇ ಇದ್ರೆ 34.6 ಲಕ್ಷ. ಎಷ್ಟು ದಿನ, ಒಟ್ಟು ಎಷ್ಟು ಕೊರತೆ, ಸರಾಸರಿ ತೀವ್ರತೆ ಎಷ್ಟು ಅಂತ ಮೂರೂ ಸಿಗುತ್ತೆ. 1967ರಲ್ಲಿ ಯೆವ್ಯೆವಿಚ್ ಕೊಟ್ಟ ರನ್ ಥಿಯರಿ ಇದಕ್ಕೆ ಬುಡ, ಇದನ್ನೇ ಎಸ್‌ಪಿಐ ಸಾಲಿಗೂ ಹಚ್ಬೋದು.

ಮತ್ತೆ ಯಾರಾದ್ರೂ ಗ್ರೇಸ್ ಸ್ಯಾಟಲೈಟ್ ಡೇಟಾ ಹಾಕಿ ಅಂತ ಹೇಳೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ. 2002ರಿಂದ 2017ರವರೆಗೆ ಒಂದು ಜೋಡಿ, 2018ರಿಂದ ಇನ್ನೊಂದು ಜೋಡಿ, ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೆ ಒಂದು ಸುತ್ತುತ್ತಾ, ಕೆಳಗೆ ನೀರಿನ ಭಾರ ಹೆಚ್ಚುಕಮ್ಮಿ ಆದಾಗ ಅವುಗಳ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾದ್ರೂ ಹಿಡಿಯುತ್ತವೆ. ಅದ್ಭುತ ಕೆಲಸ, ನಿಜ. ಆದ್ರೆ ಅದರ ಕಣ್ಣಿಗೆ ಸುಮಾರು 300 ಕಿ.ಮೀ. ಗಾತ್ರದ ಪ್ರದೇಶ ಒಂದು ಚುಕ್ಕೆ. ದೊಡ್ಡ ನದಿ ಕೊಳ್ಳಕ್ಕೆ ಸರಿ, ನಿಮ್ಮ ಹತ್ತಿಪ್ಪತ್ತು ಬಾವಿಗೆ ಬೇಡ.

ಲೆಕ್ಕದಕ್ಕ:

ಪರಿಣಾಮದ ಅಧ್ಯಾಯದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಇಳುವರಿ ಒಂದೇ ಹಾಕಿದ್ರೆ ಸಾಲದು ಒಣಎಲೆ, ಇಳುವರಿ ಹಾಕೋದಕ್ಕೂ ಒಂದು ಕ್ರಮ ಇದೆ. 40 ವರ್ಷದಲ್ಲಿ ಬೀಜ ಗೊಬ್ಬರ ಎಲ್ಲಾ ಬದಲಾಗಿ ಇಳುವರಿ ಒಟ್ಟಾರೆ ಏರ್ತಾ ಬಂದಿರುತ್ತೆ, ಆ ಏರಿಕೆಯ ಗೆರೆ ತೆಗೆದು ಹಾಕಿ, ಗೆರೆಯಿಂದ ಆ ವರ್ಷ ಎಷ್ಟು ಕೆಳಗೆ ಬಿತ್ತು ಅಂತ ನೋಡಿ. ಇಲ್ಲಾಂದ್ರೆ ಹಳೇ ಕಾಲದ ಒಳ್ಳೇ ವರ್ಷ ಕೂಡ ಬರದ ವರ್ಷದ ಹಾಗೆ ಕಾಣುತ್ತೆ, ಈಚಿನ ಬರ ನಾರ್ಮಲ್ ಆಗಿ ಕಾಣುತ್ತೆ.

ಇನ್ನೊಂದು ಮುಖ್ಯ ಮಾತು, ಇಳುವರಿ ಇಳಿದಿದೆ ಅಂತ ಅದನ್ನೇ ಇಟ್ಕೊಂಡು ಬರ ಅಂತ ಗುರುತಿಸಿ, ಆಮೇಲೆ ಬರದಿಂದ ಇಳುವರಿ ಇಳೀತು ಅಂತ ಬರೆದ್ರೆ ಅದು ಗಾಣದೆತ್ತಿನ ಹಾಗೆ ಅಲ್ಲೇ ಸುತ್ತಿದಂಗೆ. ಬರ ಅಳೆಯೋ ಡೇಟಾ ಬೇರೆ ಇರ್ಲಿ, ಪರಿಣಾಮ ಅಳೆಯೋ ಡೇಟಾ ಬೇರೆ ಇರ್ಲಿ, ಎರಡರ ಸಂಬಂಧ ನೀವು ತೋರ್ಸಿ.

ಬರದ ಪರಿಣಾಮ ಅಳೆಯೋದು ಕಷ್ಟ ಯಾಕೆ ಅಂದ್ರೆ ಪ್ರವಾಹ ಭೂಕಂಪದ ಹಾಗೆ ಬಿದ್ದ ಮನೆ ಎಣಿಸಕ್ಕಾಗಲ್ಲ, ಮೆಲ್ಲಗೆ ಬರುತ್ತೆ, ಶುರುವಾಗಿದ್ದು ಯಾವಾಗ ಮುಗಿದಿದ್ದು ಯಾವಾಗ ಗೊತ್ತಾಗಲ್ಲ, ಮಳೆ ಬಂದು ನೆಲ ಹಸಿರಾದ ಮೇಲೂ ಮಾರಿದ ದನ ವಾಪಸ್ ಬರಲ್ಲ, ಮಾಡಿದ ಸಾಲ ಹೋಗಲ್ಲ. ಆಫ್ರಿಕಾದ ಕೊಂಬು ಪ್ರದೇಶದಲ್ಲಿ, ಅಂದ್ರೆ ಸೊಮಾಲಿಯಾ, ಇಥಿಯೋಪಿಯಾ, ಕೀನ್ಯಾದ ಭಾಗಗಳಲ್ಲಿ, 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟವು. ಲಕ್ಷಾಂತರ ಜಾನುವಾರು ಸತ್ತವು, ದನ ಕುರಿ ಒಂಟೆಗಳೇ ಹಾಲು, ದುಡ್ಡು, ಉಳಿತಾಯ ಎಲ್ಲಾ ಆಗಿರೋ ಜನರಿಗೆ ಅದು ಬರೀ ಇಳುವರಿ ನಷ್ಟ ಅಂತ ಬರೆದ್ರೆ ಅರ್ಥನೇ ಬರಲ್ಲ. ಮೊದಲನೇ ಮಳೆಗಾಲ ತಪ್ಪಿದಾಗ ಮೇವು ಹೋಯ್ತು, ಮುಂದಿನದಕ್ಕೆ ಹಾಲು ಹೋಯ್ತು, ಆಮೇಲೆ ಹಿಂಡೇ ಹೋಯ್ತು. ಒಂದೊಂದು ಮಳೆಗಾಲದ ಎಸ್‌ಪಿಐ ಬಿಡಿಬಿಡಿಯಾಗಿ ನೋಡಿದ್ರೆ ಈ ಪೇರಿಕೊಂಡು ಬಂದ ಹೊಡೆತ ಕಾಣಲ್ಲ, ಹಿಂದಿನ ಪೆಟ್ಟಿನಿಂದ ಎದ್ದಿರೋರಾ ಇಲ್ವಾ ಅನ್ನೋದು ಲೆಕ್ಕಕ್ಕೆ ಬರ್ಬೇಕು.

ಹೊಲ ಬಿಟ್ಟು ಬೇರೆ ಕಡೆನೂ ಪರಿಣಾಮ ಇರುತ್ತೆ. 2018ರಲ್ಲಿ ಜರ್ಮನಿಯ ರೈನ್ ನದಿಯಲ್ಲಿ ಕೌಬ್ ಅನ್ನೋ ಅಳತೆ ಕೇಂದ್ರದಲ್ಲಿ ಮಟ್ಟ 25 ಸೆಂ.ಮೀ.ಗೆ ಇಳೀತು (ಅದು ಅಳತೆಗೋಲಿನ ಅಂಕಿ, ಹಡಗಿನ ದಾರಿಯ ಆಳ ಅದಕ್ಕಿಂತ ಹೆಚ್ಚಿರುತ್ತೆ), ಸರಕು ಹಡಗುಗಳು ಅರೆಬರೆ ತುಂಬ್ಕೊಂಡು ಓಡಾಡ್ಬೇಕಾಯ್ತು, ಕಾರ್ಖಾನೆಗಳಿಗೆ ಕಚ್ಚಾಮಾಲು ಸಿಗದೆ ಉತ್ಪಾದನೆ ಕಡಿಮೆ ಮಾಡಿದ್ರು. ಕೇಪ್‌ಟೌನ್‌ನಲ್ಲಿ 2015ರಿಂದ 2017ರವರೆಗೆ ಮಳೆ ಕೈಕೊಟ್ಟು, 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ರು, ಡ್ಯಾಂಗಳು ಶೇ 13.5ಕ್ಕೆ ಇಳಿದ್ರೆ ನಲ್ಲಿ ಬಂದ್ ಅಂತ ತೀರ್ಮಾನ ಆಗಿತ್ತು, ಜನ ನೀರು ಬಳಕೆ ಕಡಿಮೆ ಮಾಡಿದ್ದಕ್ಕೂ ಆಮೇಲೆ ಮಳೆ ಬಂದಿದ್ದಕ್ಕೂ ಆ ದಿನ ಬರಲಿಲ್ಲ. ನೋಡಿ, ಅಲ್ಲಿ ಬರದ ಅಳತೆ ಅಂದ್ರೆ ಡ್ಯಾಂ ಶೇಕಡಾ ಮತ್ತೆ ದಿನದ ಬಳಕೆ, ಬೇಡಿಕೆ ಪೂರೈಕೆ ನಡುವಿನ ಅಂತರ. ಸಾಮಾಜಿಕ-ಆರ್ಥಿಕ ಬರ ಅನ್ನೋದನ್ನ ಹಿಂಗೇ ಅಳೀಬೇಕು.

ನಿಮ್ಮ ಪ್ರದೇಶಕ್ಕೆ ಮೇವಿನ ಬೆಲೆ, ಜಾನುವಾರು ಮಾರಾಟ, ಟ್ಯಾಂಕರ್ ನೀರು ಪೂರೈಸಿದ ದಿನಗಳು, ಕೆಲಸಕ್ಕೆ ಊರು ಬಿಟ್ಟು ಹೋದವರು, ಶಾಲೆ ಹಾಜರಾತಿ, ಇದ್ರಲ್ಲಿ ಯಾವ್ದು ಸಿಕ್ಕಿದ್ರೂ ತಿಂಗಳುವಾರು ತಗೊಳ್ಳಿ. ಅಂಕಿ ಸಿಗ್ಲಿಲ್ಲ ಅಂದ್ರೆ ಆ ಕಾಲದ ಸುದ್ದಿಗಳನ್ನ ಓದಿ ದಿನಾಂಕ, ಜಾಗ, ಯಾವ ಥರದ ಪರಿಣಾಮ ಅಂತ ನಮೂದಿಸ್ಕೊಳ್ಳಿ, ಅಮೆರಿಕದ ರಾಷ್ಟ್ರೀಯ ಬರ ನಿರ್ವಹಣಾ ಕೇಂದ್ರ 2005ರಿಂದ ಇಂಥದ್ದೇ ಒಂದು ಸಂಗ್ರಹ ಇಟ್ಟಿದೆ. ನೀರು ತರೋ ಕೆಲಸ ಮನೆಯಲ್ಲಿ ಯಾರ ಮೇಲೆ ಬೀಳುತ್ತೆ, ಯಾರು ಊಟ ಕಡಿಮೆ ಮಾಡ್ತಾರೆ ಅನ್ನೋದು ಯಾವ ಸೂಚ್ಯಂಕದಲ್ಲೂ ಇಲ್ಲ, ಹೆಂಗಸರನ್ನ ಕೇಳಿ ಬರ್ಕೊಂಡ್ರೆ ಮಾತ್ರ ಸಿಗುತ್ತೆ. ಅದನ್ನ ಬಿಟ್ಟು ಅಧ್ಯಾಯ ಮುಗಿಸ್ಬೇಡಿ ಅಂತ ನನ್ನ ಕಳಕಳಿಯ ಮಾತು.

ನೇರಮಾತು:

ಎಲ್ಲಾ ಸರಿ, ಆದ್ರೆ ಇಷ್ಟೆಲ್ಲ ಹಾಕಿದ್ರೆ ಓದೋರಿಗೆ ಕೊನೆಗೆ ಏನು ಸಿಗುತ್ತೆ? ತೀರ್ಮಾನ ತಗೊಳ್ಳೋರಿಗೆ ಒಂದೇ ನಕ್ಷೆ ಬೇಕು. ಅಮೆರಿಕದಲ್ಲಿ 1999ರಿಂದ ಡ್ರಾಟ್ ಮಾನಿಟರ್ ಅಂತ ಪ್ರತಿ ಗುರುವಾರ ಒಂದೇ ನಕ್ಷೆ ಬಿಡ್ತಾರೆ, ಡಿ0ಯಿಂದ ಡಿ4 ಅಂತ ಐದು ಬಣ್ಣ, ಎಲ್ಲಾ ಸೂಚ್ಯಂಕಗಳನ್ನೂ ಸ್ಥಳೀಯರ ವರದಿಗಳನ್ನೂ ನೋಡಿ ತಜ್ಞರು ಕೂತು ಗೆರೆ ಎಳೀತಾರೆ, ಪರಿಹಾರದ ಹಣ ಕೂಡ ಅದನ್ನ ನೋಡಿ ಕೊಡ್ತಾರೆ. ಹಾಗೆ ಎಲ್ಲಾ ಕೂಡಿಸಿ ಒಂದು ಅಂಕಿ ಮಾಡಿದ್ರೆ ಆಗಲ್ವಾ?

ಮೋಡಮಾಪಕ:

ನೇರಮಾತು ಅವರೇ, ಆಡಳಿತಕ್ಕೆ ಒಂದು ನಕ್ಷೆ ಬೇಕು ಅನ್ನೋದು ಒಪ್ತೀನಿ. ಆ ನಕ್ಷೆಯಲ್ಲೂ ಅಲ್ಪಾವಧಿ ಪರಿಣಾಮನಾ ದೀರ್ಘಾವಧಿ ಪರಿಣಾಮನಾ ಅಂತ ಎಸ್ ಮತ್ತೆ ಎಲ್ ಅಕ್ಷರ ಹಾಕಿ ಬೇರೆ ಮಾಡ್ತಾರೆ, ಯಾಕಂದ್ರೆ ಅಷ್ಟನ್ನಾದ್ರೂ ಹೇಳದಿದ್ರೆ ಬೆಳೆಯವರೂ ಡ್ಯಾಂನವರೂ ಅದನ್ನ ತಪ್ಪು ಓದ್ತಾರೆ. ಇವರ ಪ್ರಾಜೆಕ್ಟ್ ನೋಡಿ, ಮೈನಸ್‌ನಲ್ಲಿರೋ ಮಣ್ಣು, ಪ್ಲಸ್‌ನಲ್ಲಿರೋ ಡ್ಯಾಂ ಎರಡನ್ನೂ ಕೂಡಿಸಿ ಭಾಗಿಸಿದ್ರೆ ಸೊನ್ನೆ ಬರುತ್ತೆ, ಬೆಳೆ ಕಳ್ಕೊಂಡವರು ಆ ಸೊನ್ನೆ ಒಳಗೆ ಕಾಣದೇ ಹೋಗ್ತಾರೆ. ಯುರೋಪಿನ ಬರ ವೀಕ್ಷಣಾಲಯದ ಸಂಯುಕ್ತ ಸೂಚಕ ನನಗೆ ಹೆಚ್ಚು ಸರಿ ಅನ್ಸುತ್ತೆ, ಅವರು ಸರಾಸರಿ ತೆಗೆಯಲ್ಲ, ಮಳೆ ಕಡಿಮೆ ಆದ್ರೆ ಗಮನ, ಮಣ್ಣಿನ ಹಸಿನೂ ಇಳಿದ್ರೆ ಎಚ್ಚರಿಕೆ, ಗಿಡಗಳಿಗೂ ತಾಗಿದ್ರೆ ಅಪಾಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗ್ತಾರೆ. ಬರ ಎಲ್ಲೀವರೆಗೆ ಬಂದಿದೆ ಅಂತ ಗೊತ್ತಾಗುತ್ತೆ.

ಒಣಎಲೆ ಅವರು ಎಸ್‌ಪಿಇಐ, ಪಾಮರ್ ಕೇಳಿದ್ರಲ್ಲ, ಅದೂ ಹೇಳ್ಬಿಡ್ತೀನಿ. ಎಸ್‌ಪಿಇಐ ಹಾಕಿ, ಖಂಡಿತ ಹಾಕಿ. 2010ರಲ್ಲಿ ಬಂದಿದ್ದು, ಮಳೆಯಿಂದ ಆವಿಯಾಗೋ ಬೇಡಿಕೆ ಕಳೆದು ಅದನ್ನ ಎಸ್‌ಪಿಐ ಥರಾನೇ ಪ್ರಮಾಣೀಕರಿಸ್ತಾರೆ, ತಾಪಮಾನ ಏರ್ತಿರೋ ಕಾಲದಲ್ಲಿ ಮಳೆ ಅಷ್ಟೇ ಬಿದ್ರೂ ನೆಲ ಬೇಗ ಒಣಗೋದು ಇದರಲ್ಲಿ ಕಾಣುತ್ತೆ, ಎಸ್‌ಪಿಐನಲ್ಲಿ ಕಾಣಲ್ಲ. ಆವಿ ಬೇಡಿಕೆಗೆ ಬರೀ ತಾಪಮಾನ ಹಾಕೋ ಥಾರ್ನ್‌ತ್‌ವೇಟ್ ಸೂತ್ರ ಸುಲಭ, ಆದ್ರೆ ಗಾಳಿ, ತೇವ, ಬಿಸಿಲು ಎಲ್ಲಾ ಸೇರಿಸೋ ಪೆನ್‌ಮನ್-ಮಾಂಟೀತ್ ಸಿಕ್ಕಿದ್ರೆ ಅದನ್ನೇ ಹಾಕಿ. ಪಾಮರ್ ಸೂಚ್ಯಂಕ 1965ರದ್ದು, ಮಣ್ಣನ್ನ ಎರಡು ಪದರ ಅಂತ ಇಟ್ಕೊಂಡು ನೀರಿನ ಜಮಾ ಖರ್ಚು ಬರೆದ ಮೊದಲ ದೊಡ್ಡ ಪ್ರಯತ್ನ, ಆ ಕಾಲಕ್ಕೆ ದೊಡ್ಡ ಸಾಧನೆ. ಆದ್ರೆ ಅದರ ಸ್ಥಿರಾಂಕಗಳು ಅಮೆರಿಕದ ಕೆಲವೇ ಜಾಗಗಳ ಡೇಟಾದಿಂದ ಬಂದವು, ಬೇರೆ ಕಡೆ ಹಾಗೇ ತಂದು ಹಾಕಕ್ಕಾಗಲ್ಲ, 2004ರಲ್ಲಿ ಬಂದ ಸ್ವಯಂ ಹೊಂದಾಣಿಕೆಯ ಆವೃತ್ತಿ ಬೇಕಾಗುತ್ತೆ. ನಿಮ್ಮ ಪ್ರಾಜೆಕ್ಟ್‌ಗೆ ಪಾಮರ್ ಇಲ್ಲದಿದ್ರೂ ನಡೆಯುತ್ತೆ.

ಒಣಎಲೆ:

ಈಗ ದಾರಿ ಕಾಣ್ತಿದೆ, ಎಲ್ಲರಿಗೂ ಧನ್ಯವಾದ. ಕೊನೇದೊಂದು, ಗೈಡ್‌ಗೆ ಒಂದೇ ಪುಟದಲ್ಲಿ ತೋರಿಸ್ಬೇಕು, ಹೇಗೆ ಇಡ್ಲಿ? ಲೆಕ್ಕದಕ್ಕ ಅವರು ಹೇಳಿದ್ದೂ ಅದರಲ್ಲಿ ಬರ್ಬೇಕು.

ಎರೆಮಣ್ಣು:

ಒಂದೇ ಕಾಲದ ಗೆರಿ ಕೆಳಗ ಎಳೀರಿ, ವಾರದ ಲೆಕ್ಕದಾಗ. ಅದರ ಮ್ಯಾಲೆ ಒಂದರ ಮ್ಯಾಲೊಂದು ಪಟ್ಟಿ ಇಡ್ರಿ: ಮಳಿ, ಬೇರಿನ ಆಳದ ಹಸಿ, ವಿಸಿಐ, ಹೊಳಿ ಒಳಹರಿವು, ಬಾವಿ ಮಟ್ಟ. ಬಿತ್ತನಿ, ಹೂವು, ಕಾಳು ಕಟ್ಟೂದು, ಕೊಯ್ಲು, ಈ ನಾಕು ದಿನಕ್ಕ ಮ್ಯಾಲಿಂದ ಕೆಳಗಿನ ತನಕ ಉದ್ದ ಗೀಟು ಹಾಕ್ರಿ. ಅಕ್ಕಾವ್ರು ಹೇಳಿದ ಮೇವಿನ ರೇಟು, ಟ್ಯಾಂಕರ್, ಊರು ಬಿಟ್ಟದ್ದು, ಇವನ್ನ ದಿನಾಂಕದ ಪ್ರಕಾರ ಕೊನೀ ಪಟ್ಟಿಯಾಗ ಚುಕ್ಕಿ ಇಡ್ರಿ. ಹೂವಿನ ಗೀಟಿನ ಹತ್ರ ಹಸಿ ಪಟ್ಟಿ ಬಾಡು ಬಿಂದುವಿಗೆ ಬಂದು ನಿಂತದ್ದು ಕಂಡ್ರ ಎಸ್‌ಪಿಐ ಮೈನಸ್ 0.2 ಯಾಕ ಬಂತು, ಇಳುವರಿ ಯಾಕ ಹೋತು ಅಂತ ನಿಮ್ಮ ಗೈಡ್ ನಿಮ್ಮನ್ನ ಕೇಳೂದಿಲ್ರಿ. ಮಣ್ಣಿನ ಮಾದರಿ ತಗಿಯೂ ಮುಂದ ಯಾವ ಆಳದ್ದು ಅಂತ ಡಬ್ಬಿ ಮ್ಯಾಲೆ ಬರದಿಡೂದು ಮರೀಬ್ಯಾಡ್ರಿ, 0–15 ಮತ್ತ 15–30 ಕಲತ್ರ ಆ ಲೆಕ್ಕ ಪೂರ್ತಿ ಕೆಡ್ತದ.